ಸೆಕೆಂಡ್ ಹ್ಯಾಂಡ್ ಹಾಲಿಡೇ ಮೆಂಬರ್‌ಶಿಪ್: ನಿವೃತ್ತ ಬಂಧುಗಳಿಗೊಂದು ಬಹಿರಂಗ ಪತ್ರ

ಹೊಸಪೇಟೆ, ಕಮಲಾಪುರ, ಹಂಪಿ, ಸಂಡೂರು ಮತ್ತು ಕಂಪ್ಲಿಯ ನಿವೃತ್ತ ನೌಕರರ ಸಂಘಗಳ ಎಲ್ಲ ಸದಸ್ಯರಿಗೆ,



ತುಂಗಭದ್ರಾ ಮಂಡಳಿ, ದೋಣಿಮಲೈ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಾಲೆ, ಅಂಚೆ, ಬ್ಯಾಂಕು ಎಂದು ಒಂದೊಂದು ಕಡೆ ಆಯುಷ್ಯದ ಹೆಚ್ಚಿನ ಭಾಗ ದುಡಿದು ಮನೆ ಸೇರಿದವರು ನಾವು. ನಿವೃತ್ತಿಯ ಹಣ ಖಾತೆಗೆ ಬಿದ್ದ ಕೆಲವೇ ದಿನಗಳಲ್ಲಿ ನಮ್ಮ ಫೋನುಗಳಿಗೆ ಅಪರಿಚಿತರ ಕರೆಗಳು ಶುರುವಾಗುತ್ತವೆ. ವಿಮೆ, ನಿವೇಶನ, ಚಿಟ್‌ಫಂಡುಗಳ ಜೊತೆಗೆ ಈಗ ಇನ್ನೊಂದು ಸರಕು ಸೇರಿಕೊಂಡಿದೆ. ಬೇರೆಯವರು ಕೊಂಡು ಬೇಡವೆಂದ ಹಾಲಿಡೇ ಮೆಂಬರ್‌ಶಿಪ್ಪನ್ನು ದಲ್ಲಾಳಿಗಳು ಕಡಿಮೆ ಬೆಲೆಗೆ ಕೊಡಿಸುತ್ತೇವೆ ಎಂದು ಬರುತ್ತಿದ್ದಾರೆ. ಆ ಕಡಿಮೆ ಬೆಲೆ ಪೂರ್ತಿ ಬೆಲೆಯಲ್ಲ. ಉಳಿದದ್ದು ನೀವು ಟೋಕನ್ ಕೊಟ್ಟ ಮೇಲೆ ಒಂದೊಂದಾಗಿ ಹೊರಬರುತ್ತದೆ. ಇದನ್ನು ಬಿಡಿಸಿ ಹೇಳಲೆಂದೇ ಈ ಪತ್ರ.

ಇದರ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಇದಕ್ಕೆ ಟೈಮ್‌ಶೇರ್ ಎನ್ನುತ್ತಾರೆ. ಒಮ್ಮೆ ದೊಡ್ಡ ಮೊತ್ತ ಕಟ್ಟಿದರೆ ಮುಂದಿನ ಇಷ್ಟು ವರ್ಷ, ವರ್ಷಕ್ಕೆ ಒಂದು ವಾರ ಕಂಪನಿಯ ರೆಸಾರ್ಟುಗಳಲ್ಲಿ ಇರಬಹುದು. ನಮ್ಮ ದೇಶದಲ್ಲಿ 1986ರಲ್ಲಿ ಆರಂಭವಾದ ಸ್ಟರ್ಲಿಂಗ್ ಈ ವ್ಯಾಪಾರದ ದಾರಿ ತೆರೆಯಿತು. 1996ರಲ್ಲಿ ಮಹೀಂದ್ರಾ ಹಾಲಿಡೇಸ್ ಬಂದ ಮೇಲೆ 25 ವರ್ಷದ ಸದಸ್ಯತ್ವ ಮಧ್ಯಮ ವರ್ಗದ ಮನೆಮಾತಾಯಿತು. ಸದಸ್ಯತ್ವಗಳಲ್ಲಿ ಋತುಗಳಿಗೆ ತಕ್ಕಂತೆ ಬಣ್ಣಗಳಿರುತ್ತವೆ, ಕೋಣೆಯ ಗಾತ್ರಕ್ಕೆ ತಕ್ಕಂತೆ ದರ್ಜೆಗಳಿರುತ್ತವೆ. ಇದೆಲ್ಲದರ ಮೇಲೆ ಪ್ರತಿ ವರ್ಷ ನಿರ್ವಹಣೆಯ ಚಂದಾ ಕಟ್ಟಬೇಕು. ಆ ವರ್ಷ ನೀವು ಎಲ್ಲಿಗೂ ಹೋಗದಿದ್ದರೂ ಚಂದಾ ತಪ್ಪುವುದಿಲ್ಲ.

ಒಮ್ಮೆ ಕೊಂಡವರು ಯಾಕೆ ಮಾರುತ್ತಾರೆ? ಮಕ್ಕಳು ವಿದೇಶ ಸೇರಿರುತ್ತಾರೆ, ಮಂಡಿನೋವು ಬಂದಿರುತ್ತದೆ, ಬೇಕಾದ ದಿನ ಕೋಣೆ ಸಿಗದೆ ಬೇಸತ್ತಿರುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಚಂದಾ ಭಾರವಾಗಿರುತ್ತದೆ. ನಾಲ್ಕೈದು ಲಕ್ಷ ಕೊಟ್ಟು ಕೊಂಡದ್ದನ್ನು ಒಂದೂವರೆ ಲಕ್ಷಕ್ಕೆ ಬಿಡಲು ಒಪ್ಪುತ್ತಾರೆಂದರೆ ಅದರ ಮೌಲ್ಯ ಅಷ್ಟಕ್ಕೆ ಇಳಿದಿದೆ ಎಂದೇ ತಿಳಿಯಬೇಕು. ದಲ್ಲಾಳಿ ಮಾತ್ರ ಕಂಪನಿಯ ಹೊಸ ಸದಸ್ಯತ್ವದ ದರಪಟ್ಟಿ ತೋರಿಸಿ, 'ನೋಡಿ ಸರ್, ನಿಮಗೆ ಮೂರು ಲಕ್ಷ ಉಳಿತಾಯ' ಎನ್ನುತ್ತಾನೆ. ಹೊಸದಕ್ಕೆ 25 ವರ್ಷ ಇರುತ್ತದೆ. ಅವನ ಕೈಯಲ್ಲಿರುವುದಕ್ಕೆ ಉಳಿದಿರುವುದು ಹತ್ತೋ ಹನ್ನೆರಡೋ ವರ್ಷ. ಆ ಎರಡು ಬೆಲೆಗಳನ್ನು ಪಕ್ಕಪಕ್ಕ ಇಡುವುದೇ ತಪ್ಪು.

ಸಂಡೂರಿನ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು ಇತ್ತೀಚೆಗೆ ಒಂದು ಪ್ಲಾಸ್ಟಿಕ್ ಕವರಿನ ತುಂಬ ಕಾಗದ ತಂದು ನನ್ನ ಮುಂದೆ ಹರವಿದರು. ನಾನು ಬ್ಯಾಂಕಿನಲ್ಲಿದ್ದವನು, ಕಾಗದ ಓದಬಲ್ಲೆ ಎಂಬ ನಂಬಿಕೆ ಅವರದು. ದಲ್ಲಾಳಿಯ ಮೊದಲ ವಾಟ್ಸಾಪ್ ಸಂದೇಶದಲ್ಲಿ 'ಆಲ್ ಇನ್‌ಕ್ಲೂಸಿವ್' ಎಂದೇ ಇತ್ತು. 'ಮೇಷ್ಟ್ರೇ, ನಿಮ್ಮಿಂದ ಕಮಿಷನ್ ಒಂದು ಪೈಸೆ ಬೇಡ, ಮಾರುವವರೇ ಕೊಡ್ತಾರೆ' ಎಂದು ಫೋನಿನಲ್ಲಿ ಹೇಳಿದ್ದರಂತೆ. ಮರುದಿನ ಬೇರೆ ಗಿರಾಕಿ ಬಂದಿದ್ದಾರೆ, ಬೇಗ ಟೋಕನ್ ಹಾಕಿ ಎಂದರು. ಹಾಕಿದರು. ವಾರ ಕಳೆಯಿತು. 'ಫೈಲ್ ಓಪನ್ ಮಾಡುವ ಚಾರ್ಜ್' ಬಂತು. ಅದನ್ನೂ ಕಟ್ಟಿದರು. ಅದರ ಹಿಂದೆಯೇ ಕಂಪನಿಯಿಂದ ಎನ್‌ಒಸಿ ತರಿಸಲು ಒಂದು ಮೊತ್ತ, ಅದರ ಮೇಲೆ ಜಿಎಸ್‌ಟಿ, ಸ್ಟಾಂಪ್ ಪೇಪರು ಮತ್ತು ನೋಟರಿಗೆ ಇನ್ನೊಂದು ಮೊತ್ತ ಕೇಳಿದರು. ಕಟ್ಟಿದ ಹಣಕ್ಕೆ ರಸೀದಿ ಎಂದು ಸಿಕ್ಕಿದ್ದು ಯುಪಿಐ ಸ್ಕ್ರೀನ್‌ಶಾಟ್ ಮಾತ್ರ. ಹಣ ಹೋದದ್ದು ಸಂಸ್ಥೆಯ ಹೆಸರಿಗಲ್ಲ, ಯಾರೋ ಒಬ್ಬ ವ್ಯಕ್ತಿಯ ಖಾತೆಗೆ. ಅಷ್ಟರಲ್ಲಿ ಮೇಷ್ಟ್ರ ಮಗಳು ಕಂಪನಿಯ ಗ್ರಾಹಕ ಸೇವೆಗೆ ಫೋನ್ ಮಾಡಿದಳು. ಖಾತೆಯ ವಿವರ ಸದಸ್ಯರಿಗಷ್ಟೇ ಹೇಳುತ್ತೇವೆ ಎಂದರು. ಹಾಗಾದರೆ ಮಾರುವವರೇ ಸ್ಟೇಟ್‌ಮೆಂಟ್ ತರಿಸಿಕೊಡಲಿ ಎಂದು ಪಟ್ಟು ಹಿಡಿದಾಗ ಹೊರಬಿದ್ದದ್ದು ಎರಡು ವರ್ಷದ ಚಂದಾ ಬಾಕಿ. ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. ಕಟ್ಟಿದ ಹಣ ವಾಪಸ್ ಬಂದಿಲ್ಲ. 'ಹಣ ಹೋದದ್ದಕ್ಕಿಂತ, ಇಷ್ಟು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟ ನಾನೇ ಕೂಡಿಸಿ ನೋಡಲಿಲ್ಲವಲ್ಲ ಎನ್ನೋದೇ ಸಂಕಟ' ಎಂದು ಅವರು ಹೇಳಿದಾಗ ನನಗೆ ಸಿಟ್ಟು ಬಂತು. ತಪ್ಪು ಅವರದಲ್ಲ. ಕೂಡಿಸಲು ಬೇಕಾದ ಅಂಕಿಗಳನ್ನು ಅವರಿಂದ ಬೇಕೆಂದೇ ಮುಚ್ಚಿಡಲಾಗಿತ್ತು.

ಆ ಲೆಕ್ಕವನ್ನು ಈಗ ನಾವು ಮಾಡೋಣ. ಅಂಕಿಗಳು ಉದಾಹರಣೆಗೆಂದು ನಾನು ಹಾಕಿಕೊಂಡ ದುಂಡು ಅಂಕಿಗಳು. ನಿಮ್ಮ ಮುಂದೆ ಬಂದ ಕಾಗದದಲ್ಲಿರುವುದನ್ನು ಆ ಜಾಗದಲ್ಲಿ ತುಂಬಿಕೊಳ್ಳಿ. ದಲ್ಲಾಳಿ ಹೇಳಿದ ಬೆಲೆ 1,50,000 ರೂಪಾಯಿ, ಉಳಿದ ಅವಧಿ 12 ವರ್ಷ. ವರ್ಷಕ್ಕೆ 7 ರಾತ್ರಿಯಂತೆ 84 ರಾತ್ರಿ. 'ರಾತ್ರಿಗೆ 1,800 ರೂಪಾಯಿಯೂ ಬೀಳುವುದಿಲ್ಲ' ಎಂಬುದು ಅವನ ಮಾತು. ಈಗ ಅವನು ಹೇಳದ್ದನ್ನು ಸೇರಿಸಿ. ವಾರ್ಷಿಕ ಚಂದಾ 20,000, ಅದರ ಮೇಲೆ ಶೇ. 18 ಜಿಎಸ್‌ಟಿ 3,600, ಒಟ್ಟು 23,600. ಹಳೆಯ ಸದಸ್ಯರು ಎರಡು ವರ್ಷ ಬಾಕಿ ಉಳಿಸಿದ್ದರೆ 47,200. ಹೆಸರು ಬದಲಿಸಲು ಕಂಪನಿ 25,000 ಕೇಳಿತೆನ್ನಿ, ತೆರಿಗೆ ಸೇರಿ 29,500. ದಲ್ಲಾಳಿಗೆ ಶೇ. 5 ಕಮಿಷನ್ ಮತ್ತು ತೆರಿಗೆ 8,850. ಸದಸ್ಯತ್ವ ನಿಮ್ಮ ಹೆಸರಿಗೆ ಬರುವ ಹೊತ್ತಿಗೆ ಕೈಬಿಟ್ಟದ್ದು 2,35,550. ಮುಂದಿನ 12 ವರ್ಷದ ಚಂದಾ, ಒಂದು ಪೈಸೆ ಏರದಿದ್ದರೂ 2,83,200. ಎಲ್ಲ ಸೇರಿ 5,18,750. ಒಂದು ರಾತ್ರಿಗೆ 6,175 ರೂಪಾಯಿ ದಾಟಿತು. ಚಂದಾ ವರ್ಷಕ್ಕೆ ಶೇ. 5ರಂತೆ ಏರಿದರೆ ರಾತ್ರಿಗೆ 7,200 ದಾಟುತ್ತದೆ. ಊಟ, ಪ್ರಯಾಣ ಇದರಲ್ಲಿ ಸೇರಿಲ್ಲ. ಒಂದು ವರ್ಷ ಆಸ್ಪತ್ರೆಯ ಓಡಾಟದಲ್ಲಿ ರಜೆ ತಪ್ಪಿದರೆ ಉಳಿದ ರಾತ್ರಿಗಳು ಇನ್ನೂ ದುಬಾರಿ.

ಇಷ್ಟು ಹಣಕ್ಕೆ ಯಾವ ಕೋಣೆ ಯಾವಾಗ ಸಿಗುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಮರುಮಾರಾಟಕ್ಕೆ ಬಂದದ್ದು ಕೆಳದರ್ಜೆಯ ಋತುವಿನದಾದರೆ ದಸರಾ, ಬೇಸಿಗೆ ರಜೆ, ಡಿಸೆಂಬರಿನ ಕೊನೆಯ ವಾರ ಅದರಲ್ಲಿ ಬರುವುದಿಲ್ಲ. ನಾವು ನಿವೃತ್ತರು, ಯಾವಾಗ ಬೇಕಾದರೂ ಹೋಗಬಹುದು ಎನ್ನಬಹುದು. ಆದರೆ ನಮ್ಮಲ್ಲಿ ಹೆಚ್ಚಿನವರು ಇದನ್ನು ಕೊಳ್ಳಲು ಮನಸ್ಸು ಮಾಡುವುದೇ ಮೊಮ್ಮಕ್ಕಳ ಜೊತೆ ಒಂದು ವಾರ ಕಳೆಯುವ ಆಸೆಯಿಂದ. ಮೊಮ್ಮಕ್ಕಳಿಗೆ ರಜೆ ಇರುವುದು ಆ ದಿನಗಳಲ್ಲೇ. ಹಳೆಯ ಸದಸ್ಯರಿಗಿದ್ದ ಸೌಲಭ್ಯಗಳು, ಬಳಸದ ದಿನಗಳನ್ನು ಮುಂದಿನ ವರ್ಷಕ್ಕೆ ಒಯ್ಯುವುದು, ಆರ್‌ಸಿಐ ಎಂಬ ವಿನಿಮಯ ಸಂಸ್ಥೆಯ ಮೂಲಕ ಬೇರೆ ರೆಸಾರ್ಟಿಗೆ ಬದಲಾಯಿಸಿಕೊಳ್ಳುವುದು ಮುಂತಾದವು, ಹೆಸರು ಬದಲಾದ ಮೇಲೆ ಹಾಗೇ ಉಳಿಯುತ್ತವೆಯೇ ಎಂಬುದನ್ನೂ ಕಂಪನಿಯನ್ನೇ ಕೇಳಬೇಕು. ದಲ್ಲಾಳಿ 'ಹೌದು' ಎಂದರೆ ಅದಕ್ಕೆ ಬೆಲೆ ಇಲ್ಲ.

ಕಮಿಷನ್ ಬೇಡ ಎಂದವನ ಆದಾಯ ಎಲ್ಲಿಂದ ಬರುತ್ತದೆ? ಮಾರುವವರಿಗೆ 'ತೊಂಬತ್ತು ಸಾವಿರಕ್ಕಿಂತ ಹೆಚ್ಚು ಯಾರೂ ಕೊಡುವುದಿಲ್ಲ' ಎನ್ನುವುದು, ಕೊಳ್ಳುವವರಿಗೆ 'ಒಂದೂವರೆ ಲಕ್ಷಕ್ಕಿಂತ ಕಡಿಮೆಗೆ ಅವರು ಇಳಿಯುವುದಿಲ್ಲ' ಎನ್ನುವುದು, ನಡುವಿನ ಅರವತ್ತು ಸಾವಿರ ಜೇಬಿಗಿಳಿಸುವುದು. ಅದಕ್ಕಾಗಿಯೇ ಇಬ್ಬರೂ ನೇರವಾಗಿ ಮಾತಾಡದಂತೆ ಅವನು ಎಚ್ಚರ ವಹಿಸುತ್ತಾನೆ. 1872ರ ಭಾರತೀಯ ಕರಾರು ಕಾಯ್ದೆಯ 216ನೇ ಕಲಮಿನ ಪ್ರಕಾರ, ಏಜೆಂಟನಾದವನು ತನ್ನ ಯಜಮಾನನಿಗೆ ತಿಳಿಸದೆ ಆ ವ್ಯವಹಾರದಲ್ಲಿ ಸ್ವಂತಕ್ಕೆ ಲಾಭ ಮಾಡಿಕೊಂಡರೆ ಆ ಲಾಭವನ್ನು ಯಜಮಾನ ಕೇಳಿ ಪಡೆಯಬಹುದು. ಆದ್ದರಿಂದ ಮಾರುವವರ ಜೊತೆ ಒಮ್ಮೆ ನೇರವಾಗಿ ಮಾತಾಡಿಸಿ ಎಂದು ಕೇಳಿ. ಮಾತಾಡಿಸದಿದ್ದರೆ ವ್ಯವಹಾರ ಅಲ್ಲಿಗೇ ಬಿಡಿ.

ಕಂಪ್ಲಿಯ ಬಂಧುಗಳಿಗೆ ನಾನು ದಲ್ಲಾಳಿಯ ಬಗ್ಗೆ ಹೇಳಿಕೊಡಬೇಕಾಗಿಲ್ಲ. ಭತ್ತ ಮಾರಿದ ಮನೆಗಳವರು ನೀವು. ಎಪಿಎಂಸಿಯಲ್ಲಿ ದಲ್ಲಾಳಿಗೆ ಲೈಸೆನ್ಸ್ ಬೇಕು, ಕಮಿಷನ್ ರೈತನಿಂದ ಹಿಡಿಯುವಂತಿಲ್ಲ ಎಂಬ ನಿಯಮವಿದೆ, ತೂಕ, ದರ, ಹಮಾಲಿ ಎಲ್ಲ ಪಟ್ಟಿಯಲ್ಲಿ ಬರೆದು ಕೊಡಬೇಕು. ಬಿಳಿಚೀಟಿಯಲ್ಲಿ ಲೆಕ್ಕ ಮುಗಿಸುವವರ ವಿರುದ್ಧ ನಮ್ಮ ರೈತರು ಎಷ್ಟೋ ಸಲ ಯಾರ್ಡಿನಲ್ಲೇ ಕೂತು ಜಗಳವಾಡಿದ್ದಾರೆ. ಒಂದು ಚೀಲ ಭತ್ತಕ್ಕೆ ಪಟ್ಟಿ ಕೇಳುವ ನಾವು ಒಂದೂವರೆ ಲಕ್ಷದ ಕಾಗದಕ್ಕೆ ಪಟ್ಟಿ ಕೇಳದೆ ಹಣ ಹಾಕಬಾರದು. ನಿವೇಶನ, ಫ್ಲಾಟುಗಳ ಏಜೆಂಟರಿಗೆ 2016ರ ರೇರಾ ಕಾಯ್ದೆಯಡಿ ನೋಂದಣಿ ಇದೆ. ಹಾಲಿಡೇ ಮೆಂಬರ್‌ಶಿಪ್ ಮಾರಿಸುವವನಿಗೆ ಅಂಥ ಯಾವ ನೋಂದಣಿಯೂ ಇಲ್ಲ. ಟೈಮ್‌ಶೇರಿಗೆಂದೇ ಮಾಡಿದ ಕಾನೂನೂ ನಮ್ಮ ದೇಶದಲ್ಲಿಲ್ಲ. ಇದನ್ನು ಸರ್ಕಾರ ಇಷ್ಟು ವರ್ಷ ಹಾಗೇ ಬಿಟ್ಟಿರುವುದು ದೊಡ್ಡ ಲೋಪ ಎಂದೇ ನನ್ನ ಅಭಿಪ್ರಾಯ.

ಬೇರೆ ಕಡೆ ಹೀಗಿಲ್ಲ. ಐರೋಪ್ಯ ಒಕ್ಕೂಟ 2009ರ ಜನವರಿಯಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಟೈಮ್‌ಶೇರ್ ಕೊಡಿಸುವ, ಮಾರಿಸುವ ದಲ್ಲಾಳಿ ಆ ಮಾರಾಟ ನಿಜವಾಗಿ ಮುಗಿಯುವವರೆಗೆ ಗ್ರಾಹಕನಿಂದ ಯಾವ ಮುಂಗಡವನ್ನೂ ತೆಗೆದುಕೊಳ್ಳುವಂತಿಲ್ಲ. ಸಹಿ ಹಾಕಿದ ಮೇಲೂ 14 ದಿನದೊಳಗೆ ಕಾರಣ ಹೇಳದೆ ಹಿಂದೆ ಸರಿಯಬಹುದು. ಹಿಡಿತ ಇಲ್ಲದ ಕಡೆ ಈ ದಂಧೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಮೆಕ್ಸಿಕೋ ಸಾಕ್ಷಿ. ಟೈಮ್‌ಶೇರ್ ಹೊಂದಿದ ಅಮೆರಿಕದ ವೃದ್ಧರಿಗೆ ಫೋನ್ ಮಾಡಿ, ಮಾರಿಸಿಕೊಡುತ್ತೇವೆಂದು ಶುಲ್ಕದ ಮೇಲೆ ಶುಲ್ಕ ಕಟ್ಟಿಸಿಕೊಳ್ಳುತ್ತಿದ್ದ ಕಂಪನಿಗಳ ಮೇಲೆ ಅಮೆರಿಕದ ಖಜಾನೆ ಇಲಾಖೆ 2023ರ ಏಪ್ರಿಲ್‌ನಲ್ಲಿ ನಿರ್ಬಂಧ ಹೇರಿತು. ಆ ಕಂಪನಿಗಳ ಹಿಂದೆ ಇದ್ದದ್ದು ಮಾದಕವಸ್ತು ಸಾಗಿಸುವ ಗ್ಯಾಂಗು.

ನಮ್ಮ ದೇಶದ್ದೇ ಒಂದು ಕಹಿ ನೆನಪಿದೆ. ಮುಂಬೈಯ ಪ್ಯಾನ್‌ಕಾರ್ಡ್ ಕ್ಲಬ್ಸ್ ಹೋಟೆಲಿನ 'ರೂಮ್ ನೈಟ್'ಗಳನ್ನು ಮಾರುತ್ತಿತ್ತು. ಬಳಸದಿದ್ದರೆ ಅವಧಿಯ ಕೊನೆಗೆ ಹೆಚ್ಚಿನ ಹಣ ವಾಪಸ್ ಎಂಬ ಆಮಿಷವಿತ್ತು. ಇದು ರಜೆಯ ವ್ಯಾಪಾರವಲ್ಲ, ಅನುಮತಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಎಂದು ಸೆಬಿ 2016ರ ಫೆಬ್ರುವರಿಯಲ್ಲಿ ತೀರ್ಮಾನಿಸಿ, ಹಣ ಮರಳಿಸಲು ಆದೇಶಿಸಿತು. ಮೊತ್ತ 7,000 ಕೋಟಿಗೂ ಹೆಚ್ಚು, ಹಣ ಹಾಕಿದವರು 50 ಲಕ್ಷಕ್ಕೂ ಹೆಚ್ಚು. ಆದ್ದರಿಂದ ಯಾವ ದಲ್ಲಾಳಿಯಾದರೂ 'ಬಳಸದಿದ್ದರೂ ನಷ್ಟವಿಲ್ಲ ಸರ್, ಎರಡು ವರ್ಷ ಬಿಟ್ಟು ಡಬಲ್ ರೇಟಿಗೆ ಮಾರಿಸಿಕೊಡ್ತೀನಿ' ಎಂದರೆ ಅಲ್ಲಿಂದ ಎದ್ದು ಬನ್ನಿ. ಉಳಿದ ವರ್ಷ ಕಡಿಮೆಯಾದಂತೆ ಬೆಲೆ ಇಳಿಯುವ ಸರಕು ಇದು.

ಇನ್ನು ಹಂಪಿಯ ಹೆಸರು ಹೇಳಿಕೊಂಡು ಬರುವವರ ವಿಷಯ. 'ಹಂಪಿ ಪಕ್ಕದಲ್ಲೇ ರೆಸಾರ್ಟ್, ಅದರಲ್ಲಿ ಪಾಲು' ಎಂದರೆ ಮೊದಲು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅನುಮತಿ ಪತ್ರ ತೋರಿಸಿ ಎನ್ನಿ. ನದಿಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ಏನಾಯಿತೆಂದು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೆರವನ್ನು ಎತ್ತಿಹಿಡಿಯಿತು, ಮಾರ್ಚಿನಲ್ಲಿ ಜೆಸಿಬಿಗಳು ಬಂದವು. ವರ್ಷಗಳಿಂದ ಪ್ರವಾಸಿಗರು ತುಂಬಿರುತ್ತಿದ್ದ ರೆಸಾರ್ಟುಗಳು ನೆಲಸಮವಾದವು. ಕಟ್ಟಡಕ್ಕೇ ಅನುಮತಿ ಇಲ್ಲದ ಕಡೆ ಕೊಂಡ ವಾರಕ್ಕೆ ಯಾರು ಹೊಣೆ?

ಜಿಎಸ್‌ಟಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಹಿರಿಯರು ಹೆಚ್ಚು ಮೋಸಹೋಗುವುದು ಈ ಹೆಸರಿನಲ್ಲೇ. ಸರ್ಕಾರದ ತೆರಿಗೆ ಎಂದೊಡನೆ ನಾವು ಪ್ರಶ್ನೆ ಕೇಳುವುದಿಲ್ಲ. ಒಬ್ಬ ಸಾಮಾನ್ಯ ವ್ಯಕ್ತಿ ತನ್ನ ಸ್ವಂತ ಸದಸ್ಯತ್ವವನ್ನು ನಿಮಗೆ ಮಾರಿದರೆ ಆ ಬೆಲೆಯ ಮೇಲೆ ಜಿಎಸ್‌ಟಿ ಬರುವುದಿಲ್ಲ. ಅದು ಬರುವುದು ದಲ್ಲಾಳಿಯ ಸೇವಾಶುಲ್ಕದ ಮೇಲೆ ಮತ್ತು ಕಂಪನಿ ಹಾಕುವ ಶುಲ್ಕಗಳ ಮೇಲೆ. ನೋಂದಣಿ ಇಲ್ಲದವನು ತೆರಿಗೆ ಎಂದು ಹಣ ಪಡೆಯುವಂತೆಯೇ ಇಲ್ಲ, ಜಿಎಸ್‌ಟಿ ಕಾಯ್ದೆಯ 32ನೇ ಕಲಂ ಅದನ್ನು ನಿಷೇಧಿಸಿದೆ. ಬಿಲ್ಲಿನ ಮೇಲೆ 15 ಅಕ್ಷರ ಮತ್ತು ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರಬೇಕು. ಕರ್ನಾಟಕದಲ್ಲಿ ನೋಂದಾಯಿಸಿದವರದು 29ರಿಂದ ಆರಂಭವಾಗುತ್ತದೆ. ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಲಾಗಿನ್ ಇಲ್ಲದೆಯೇ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೇ, ರದ್ದಾಗಿದೆಯೇ ಎಂಬುದು ಕಾಣುತ್ತದೆ. ಮೊಬೈಲು ಬಳಸಲು ಬಾರದವರು ಮನೆಯ ಮಕ್ಕಳಿಂದ ನೋಡಿಸಿ. ಐದು ನಿಮಿಷದ ಕೆಲಸ.

ಛಾಪಾ ಕಾಗದದ ಮೇಲೆ ಒಪ್ಪಂದ, ನೋಟರಿಯ ಕೆಂಪು ಮುದ್ರೆ ಕಂಡರೂ ನಮಗೆ ಧೈರ್ಯ ಬಂದುಬಿಡುತ್ತದೆ. ನೀವೂ ಮಾರುವವರೂ ಎಷ್ಟೇ ಗಟ್ಟಿ ಕಾಗದ ಮಾಡಿಕೊಂಡರೂ ಕಂಪನಿ ತನ್ನ ದಾಖಲೆಯಲ್ಲಿ ನಿಮ್ಮ ಹೆಸರು ಬರೆದುಕೊಳ್ಳದೆ ಒಂದು ರಾತ್ರಿಯ ಕೋಣೆಯೂ ಸಿಗುವುದಿಲ್ಲ. ಆದ್ದರಿಂದ ಬೇಕಾಗಿರುವುದು ಕಂಪನಿಯ ಪತ್ರ. ಮಾರುವವರು ತಮ್ಮ ನೋಂದಾಯಿತ ಇ-ಮೇಲಿನಿಂದ ಕಂಪನಿಗೆ ಬರೆದು, ಅದರ ಪ್ರತಿಯನ್ನು ನಿಮಗೆ ಹಾಕಲಿ. ಚಂದಾ ಬಾಕಿ ಎಷ್ಟು, ಕಂತಿನ ಸಾಲ ಉಳಿದಿದೆಯೇ, ಅವಧಿ ಯಾವ ದಿನ ಮುಗಿಯುತ್ತದೆ, ಈ ವರ್ಷದ ವಾರವನ್ನು ಈಗಾಗಲೇ ಬಳಸಿಯಾಗಿದೆಯೇ, ಹೆಸರು ವರ್ಗಾಯಿಸಲು ಕಂಪನಿ ಒಪ್ಪುತ್ತದೆಯೇ, ಒಪ್ಪಿದರೆ ಶುಲ್ಕ ಎಷ್ಟು ಎಂಬುದಕ್ಕೆ ಕಂಪನಿಯಿಂದಲೇ ಉತ್ತರ ಬರಲಿ. ವರ್ಗಾವಣೆ ಶುಲ್ಕ ಮತ್ತು ಬಾಕಿಯನ್ನು ಕಂಪನಿಯ ಖಾತೆಗೆ ನೇರವಾಗಿ ಕಟ್ಟಿ. ದಲ್ಲಾಳಿಯ ಕೈಗೆ ಕೊಡಬೇಕಾದದ್ದು ಅವನ ಕಮಿಷನ್ ಒಂದೇ, ಅದೂ ಹೆಸರು ಬದಲಾದ ಮೇಲೆ, ಬಿಲ್ ಪಡೆದು.

ನಿಯತ್ತಿನಿಂದ ಕೆಲಸ ಮಾಡುವ ದಲ್ಲಾಳಿಗಳೂ ಇದ್ದಾರೆ. ಎರಡು ಕಡೆಯವರನ್ನು ಕೂಡಿಸಿ, ಕಾಗದ ಓಡಾಡಿಸಿ, ತಮ್ಮ ಶುಲ್ಕ ಇಷ್ಟು ಎಂದು ಮೊದಲೇ ಬರೆದು ಕೊಡುವವರಿಗೆ ಈ ಪತ್ರದಿಂದ ಯಾವ ತೊಂದರೆಯೂ ಇಲ್ಲ. ಬರೆದು ಕೊಡಿ ಎಂದಾಗ ಸಿಟ್ಟಾಗುವವರೇ ಬೇರೆ.

ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳಲ್ಲಿ ನನ್ನದೊಂದು ವಿನಂತಿ. ತಿಂಗಳ ಸಭೆಯಲ್ಲಿ ಪಿಂಚಣಿ, ತುಟ್ಟಿಭತ್ಯೆಯ ಮಾತು ಮುಗಿದ ಮೇಲೆ ಈ ವಿಷಯಕ್ಕೆ ಹತ್ತು ನಿಮಿಷ ಕೊಡಿ. ಬ್ಯಾಂಕು, ಖಜಾನೆ, ಲೆಕ್ಕಪತ್ರ ಶಾಖೆಗಳಲ್ಲಿ ಕೆಲಸ ಮಾಡಿದ ಇಬ್ಬರೋ ಮೂವರೋ ಪ್ರತಿ ಸಂಘದಲ್ಲೂ ಇದ್ದಾರೆ. ಯಾವ ಸದಸ್ಯರಿಗೆ ಇಂಥ ಪ್ರಸ್ತಾಪ ಬಂದರೂ ಹಣ ಹಾಕುವ ಮುಂಚೆ ಕಾಗದವನ್ನು ಅವರಿಗೆ ತೋರಿಸುವ ಏರ್ಪಾಟು ಮಾಡಿ. ಹೊಸಪೇಟೆಯಲ್ಲಿ ಆ ಕೆಲಸಕ್ಕೆ ನಾನು ಸಿದ್ಧನಿದ್ದೇನೆ. ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಯಲ್ಲಿ ಬದುಕುವ ತಾಯಂದಿರನ್ನು ಈ ಕರೆಗಳಿಂದ ಕಾಪಾಡುವುದು ನಮ್ಮ ಮೊದಲ ಕೆಲಸವಾಗಲಿ. ಅವರ ಹೆಸರಿಗೆ ಬಂದ ಸದಸ್ಯತ್ವವನ್ನು ಮಾರಿಸಿಕೊಡುತ್ತೇವೆ, 'ಗಿರಾಕಿ ರೆಡಿ ಇದ್ದಾರೆ, ಎನ್‌ಒಸಿ ಚಾರ್ಜ್ ಕಟ್ಟಿ' ಎಂದು ಅವರಿಂದಲೂ ಹಣ ಕೀಳುವವರಿದ್ದಾರೆ.

ಈಗಾಗಲೇ ಹಣ ಕಟ್ಟಿ ಮೋಸಹೋದವರು ನಾಚಿಕೆಯಿಂದ ಸುಮ್ಮನಿರಬೇಡಿ. ಹಣ ಹೋಗಿ ಇನ್ನೂ ಸ್ವಲ್ಪವೇ ಹೊತ್ತಾಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಆ ಖಾತೆಯಲ್ಲಿ ಹಣ ತಡೆಹಿಡಿಯುವ ಅವಕಾಶ ಇರುತ್ತದೆ. ಬೆಲೆಯನ್ನು ಮೊದಲು ಪೂರ್ತಿ ಹೇಳದೆ ಕೊನೆಗೆ ಶುಲ್ಕ ಸೇರಿಸುತ್ತ ಹೋಗುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ವೆಬ್‌ಸೈಟಿನಲ್ಲಿ ಜಾಹೀರಾತು ನೋಡಿ ಕೊಂಡವರು ಅದರ ಸ್ಕ್ರೀನ್‌ಶಾಟ್ ಜೋಪಾನ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಲ್ಲಾಳಿ ಬೆಂಗಳೂರಿನಲ್ಲಿರಲಿ, ದೆಹಲಿಯಲ್ಲಿರಲಿ, ನೀವು ವಾಸವಿರುವ ಜಿಲ್ಲೆಯ ವ್ಯಾಪ್ತಿಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಸಂಡೂರು, ಕಂಪ್ಲಿಯವರು ಹೊಸ ವಿಜಯನಗರ ಜಿಲ್ಲೆಗೆ ಸೇರಿಲ್ಲ, ಬಳ್ಳಾರಿ ಜಿಲ್ಲೆಯಲ್ಲೇ ಇದ್ದಾರೆ ಎಂಬುದು ನೆನಪಿರಲಿ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕನ್ನಡದಲ್ಲೂ ಮಾತಾಡಬಹುದು. ದೂರು ಕೊಡಲು ಇರುವ ಅವಧಿ, ತಕರಾರು ಹುಟ್ಟಿದ ದಿನದಿಂದ ಎರಡು ವರ್ಷ. ನಿಮ್ಮ ಕಾಗದಗಳ ಮೇಲಿನ ತಾರೀಖನ್ನು ಇವತ್ತೇ ನೋಡಿಕೊಳ್ಳಿ.

ಇಂತಿ ನಿಮ್ಮ ವಿಶ್ವಾಸಿ,
ಹೊಸಪೇಟೆಯ ಒಬ್ಬ ನಿವೃತ್ತ ಬ್ಯಾಂಕ್ ನೌಕರ